ಮುದ್ರೆಯಿಲ್ಲದ ಅಚ್ಚು

ಬೆಟ್ಟದೂರು ಸಲ್ವರೆಟ್ಸಾದ ಜನ ಬಾಕಿ ಎಲ್ಲದರಲ್ಲೂ ಧಾರಾಳಿಗಳು. ಯಾರ ಮಗಳಾದರೂ ಓಡಿಹೋದರೆ ಎರಡು ವರ್ಷದಲ್ಲಿ ಮರೆಯುತ್ತಾರೆ. ಪಾದ್ರಿ ಪ್ರವಚನದ ನಡುವೆ ತೂಕಡಿಸಿದರೆ ನಕ್ಕು ಸುಮ್ಮನಾಗುತ್ತಾರೆ. ಚೀಸಿನ ವಿಷಯಕ್ಕೆ ಬಂದರೆ ಮಾತ್ರ ಮರೆಯುವುದೂ ಇಲ್ಲ, ಬಿಡುವುದೂ ಇಲ್ಲ. ಹದಿನೆಂಟು ವರ್ಷದ ಹಿಂದೆ ಪಚೀಫಿಕೊ ಎಂಬವನ ಚೀಸನ್ನು ಊರೂಟದಲ್ಲಿ ಯಾರೂ ಮುಟ್ಟದೆ ಹೋದದ್ದನ್ನು ಇವತ್ತು ಬೆಳಿಗ್ಗೆ ನಡೆದದ್ದೆಂಬಂತೆ ಹೇಳುತ್ತಾರೆ. ಆ ಪುಣ್ಯಾತ್ಮ ಮರುವರ್ಷವೇ ಊರು ಬಿಟ್ಟು, ಕೆಳಗಿನ ಪಟ್ಟಣದ ಯಾವುದೋ ಕಾರ್ಖಾನೆಯ ಗೇಟಿನಲ್ಲಿ ಕಾವಲಿಗೆ ನಿಂತ.

ಈ ವರ್ಷದ ಊಟದಲ್ಲಿ ಅಂಥ ಗತಿ ಬರುವುದಿದ್ದರೆ ಅದು ಓರ್ನೆಲ್ಲಾಳಿಗೆ ಎಂದು ಇಡೀ ಊರಿಗೆ ಗೊತ್ತಿತ್ತು. ಓರ್ನೆಲ್ಲಾಳಿಗೂ ಗೊತ್ತಿತ್ತು.

ಸೆಪ್ಟೆಂಬರಿನ ಕೊನೆಯ ಭಾನುವಾರ. ಬೆಟ್ಟದ ಮೇಲಿನ ಹುಲ್ಲುಗಾವಲುಗಳಿಂದ ಹಸುಗಳೆಲ್ಲ ಕೊರಳ ಗಂಟೆ ಆಡಿಸುತ್ತ ಇಳಿದು ಬಂದು ಎರಡು ವಾರವಾಗಿತ್ತು. ಚರ್ಚಿನ ಮುಂದಿನ ಅಂಗಳದಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಮೇಜು ಜೋಡಿಸಿ, ಮೇಲೆ ಬಿಳಿ ಬಟ್ಟೆ ಹಾಸಿ, ಊರಿಗೆ ಊರೇ ಕೂತಿತ್ತು. ಮೂರು ಹುಲ್ಲುಗಾವಲಿನವರೂ ತಂತಮ್ಮ ಬೇಸಿಗೆಯ ಚೀಸು ತಂದಿಟ್ಟಿದ್ದರು. ಒಂದೊಂದು ಅಚ್ಚೂ ಬೀಸುಕಲ್ಲಿನಷ್ಟು ದುಂಡಗೆ, ದಪ್ಪಗೆ, ಎಂಟೆಂಟು ಕೆಜಿ ತೂಕ. ಒಲೆಯ ಹತ್ತಿರ ಬೊರ್ತೊಲೊ ತನ್ನ ತೋಳಿನಷ್ಟೇ ದಪ್ಪದ ಕೋಲು ಹಿಡಿದು ತಾಮ್ರದ ಕೊಪ್ಪರಿಗೆಯಲ್ಲಿ ಜೋಳದ ಹಿಟ್ಟಿನ ಪೊಲೆಂತಾ ತಿರುವುತ್ತಿದ್ದ. ಹಲಗೆಯ ಮೇಲೆ ಅದನ್ನು ಸುರಿದಾಗ ಎದ್ದ ಹಬೆಗೆ ಮುಂದಿನ ಸಾಲಿನವರ ಕನ್ನಡಕಗಳೆಲ್ಲ ಮಸುಕಾದವು.

ಎಲ್ಲ ಅಚ್ಚುಗಳ ಮೈಮೇಲೂ ಕಾದ ಕಬ್ಬಿಣದಲ್ಲಿ ಒತ್ತಿದ ಮುದ್ರೆಯಿತ್ತು. ಹೊಸಬರು ಪರೀಕ್ಷೆಗೆ ತರುವುದು ಒಂದೇ ಅಚ್ಚು; ಮೇಜಿನ ಕಟ್ಟಕಡೆಯಲ್ಲಿದ್ದ ಓರ್ನೆಲ್ಲಾಳ ಆ ಒಂದು ಅಚ್ಚಿಗೆ ಮಾತ್ರ ಇರಲಿಲ್ಲ. ಅದರ ಪಕ್ಕದಲ್ಲಿ ಒಂದು ಚಾಕು ಇಟ್ಟಿದ್ದರು. ಊರಿನ ಕಟ್ಟಳೆಯೇ ಹಾಗೆ: ಮುದ್ರೆಯಿಲ್ಲದ ಅಚ್ಚನ್ನು ಊಟಕ್ಕೆ ತರಬಾರದೆಂದಿಲ್ಲ, ಆದರೆ ಮಾಡಿದವರು ಅದನ್ನು ಕೊಯ್ಯುವಂತಿಲ್ಲ, ಮನೆಯವರೂ ಕೊಯ್ಯುವಂತಿಲ್ಲ. ಬೇರೆ ಮನೆಯವರು ಯಾರಾದರೂ ತಾವಾಗಿ ಎದ್ದು ಬಂದು ಚಾಕು ಹಾಕಬೇಕು. ಕೊಪ್ಪರಿಗೆಯ ತಳದ ಹಕ್ಕಳೆಯನ್ನು ಕೆರೆದು ಹಂಚುವುದರೊಳಗೆ ಯಾರೂ ಏಳದಿದ್ದರೆ, ಮಾಡಿದವರೇ ಅದನ್ನು ಎತ್ತಿಕೊಂಡು, ಎಲ್ಲರ ಕಣ್ಣೆದುರು ಮನೆಗೆ ಹೊರಬೇಕು. ಆಮೇಲೆ ಅವರ ಕೈಗೆ ಹಸು ಒಪ್ಪಿಸುವವರು ಯಾರೂ ಇರುವುದಿಲ್ಲ.

ಓರ್ನೆಲ್ಲಾ ಹುಟ್ಟಿದ್ದು ಕೆಳಗೆ, ಭತ್ತ ಬೆಳೆಯುವ ಬಯಲಿನಲ್ಲಿ. ಮದುವೆಯಾಗಿ ಈ ಊರಿಗೆ ಬಂದು ಹನ್ನೊಂದು ವರ್ಷವಾದರೂ ಅವಳ ಹೆಸರು ಇನ್ನೂ ‘ಬಯಲಿನವಳು’. ಪಿಯಾನ್ ಕವ್ರೇರಾ ಎಂಬ ಹುಲ್ಲುಗಾವಲನ್ನು ನೋಡಿಕೊಳ್ಳುತ್ತಿದ್ದವನು ಅವಳ ಗಂಡ ದೇಲಿಯೊ. ಮೇ ತಿಂಗಳಲ್ಲಿ ಟ್ರ್ಯಾಕ್ಟರ್ ಮಗುಚಿ ಅವನ ಕಾಲು ಎರಡು ಕಡೆ ಮುರಿಯಿತು. ಒಂಬತ್ತು ಮನೆಗಳ ಮೂವತ್ತೊಂದು ಹಸು ಹೊಡೆದುಕೊಂಡು ಹೋಗಲು ಬೇರೆ ಗತಿಯಿಲ್ಲದೆ ಓರ್ನೆಲ್ಲಾ ಹೊರಟಳು. ಹಸುವಿನ ಯಜಮಾನರು ಅರೆಮನಸ್ಸಿನಿಂದ ಒಪ್ಪಿದರು: ಇದೊಂದು ಬೇಸಿಗೆ ಆಗಲಿ, ಊರೂಟದ ದಿನ ನೋಡೋಣ. ಪಕ್ಕದ ಹುಲ್ಲುಗಾವಲಿನ ಎರ್ಮೆತೆ ಅವತ್ತಿನಿಂದಲೇ ಒಂದೊಂದು ಮನೆಯ ಬಾಗಿಲಲ್ಲೂ ನಿಂತು, ಪಾಪ ಹೆಣ್ಣುಹೆಂಗಸಿಗೆ ಯಾಕೆ ಈ ಕಷ್ಟ, ಮುಂದಿನ ವರ್ಷ ನಿಮ್ಮ ಹಸು ನನಗೇ ಬಿಡಿ ಎಂದು ಕರುಣೆ ತೋರಿಸುತ್ತಿದ್ದ. ಅಂಥವರ ಕರುಣೆ ನಾಯಿ ಕಚ್ಚಿದ್ದಕ್ಕಿಂತ ಹೆಚ್ಚು ಉರಿಯುತ್ತದೆ.

ತೊಂಬತ್ತೆಂಟು ದಿನ ಅವಳು ಮೇಲಿದ್ದಳು. ನಾಲ್ಕಕ್ಕೆ ಎದ್ದು ಹಾಲು ಕರೆದು, ಒಲೆ ಹೊತ್ತಿಸಿ, ಹೆಪ್ಪು ಹಾಕಿ, ಗಟ್ಟಿಯಾದ ಹಾಲನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ, ಬಟ್ಟೆಯಲ್ಲಿ ಎತ್ತಿ ಒತ್ತಿ, ಉಪ್ಪು ತಿಕ್ಕಿ, ದಿನ ಬಿಟ್ಟು ದಿನ ತಿರುಗಿಸುತ್ತಿದ್ದಳು. ಜುಲೈಯಲ್ಲಿ ಆಲಿಕಲ್ಲು ಬಿದ್ದ ದಿನವೂ ಕೊಪ್ಪರಿಗೆ ಆರಲಿಲ್ಲ. ಬೆರಳ ಗೆಣ್ಣಿನಿಂದ ಅಚ್ಚು ತಟ್ಟಿದರೆ ತುಂಬಿದ ಕೊಡ ತಟ್ಟಿದಂಥ ಗಟ್ಟಿ ಸದ್ದು ಬರುತ್ತಿತ್ತು. ತನ್ನ ಚೀಸು ಚೆನ್ನಾಗಿದೆಯೆಂದು ಅವಳಿಗೆ ಗೊತ್ತಿತ್ತು.

ಆದರೆ ಈ ಊರಿನಲ್ಲಿ ಅದನ್ನು ಹೇಳಬೇಕಾದವನು ಒಬ್ಬನೇ. ಸಿಲ್ವೆಸ್ತ್ರೊ ಅಜ್ಜ, ವಯಸ್ಸು ಎಪ್ಪತ್ತೊಂಬತ್ತು. ನಲವತ್ತೊಂದು ವರ್ಷದಿಂದ ಅವನು ಊಟಕ್ಕೆ ಹತ್ತು ದಿನ ಮುಂಚೆ ಹಳ್ಳದ ಪಕ್ಕದಲ್ಲಿರುವ ಊರಿನ ನೆಲಮಾಳಿಗೆಗೆ ಇಳಿದು, ಚಿಕ್ಕ ಸುತ್ತಿಗೆಯಿಂದ ಒಂದೊಂದು ಅಚ್ಚನ್ನೂ ತಟ್ಟಿ ಕಿವಿಗೊಟ್ಟು ಕೇಳುತ್ತಾನೆ. ಒಳಗೆ ಬಿರುಕು ಬಿಟ್ಟಿದ್ದರೆ, ಗಾಳಿ ತುಂಬಿ ಉಬ್ಬಿದ್ದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಗಟ್ಟಿಯಿದ್ದರೆ ಮುದ್ರೆ. ಇಲ್ಲದಿದ್ದರೆ ಇಲ್ಲ. ಅವನು ತಟ್ಟಿದ ಅಚ್ಚನ್ನು ಇನ್ನೊಬ್ಬರು ತಟ್ಟಿ ನೋಡುವುದೆಂದರೆ ಅವನ ಮುಖಕ್ಕೆ ಹೊಡೆದ ಹಾಗೆ.

ಈ ಸಲ ಎರ್ಮೆತೆಯ ಅಚ್ಚುಗಳನ್ನು ಅಜ್ಜ ಮಾತಾಡುತ್ತಾಡುತ್ತಲೇ ತಟ್ಟಿ ಮುದ್ರೆ ಒತ್ತಿದ್ದ. ಇನ್ನೊಂದು ಹುಲ್ಲುಗಾವಲಿನವರದ್ದೂ ಹಾಗೆಯೇ. ಓರ್ನೆಲ್ಲಾಳ ಅಚ್ಚಿನ ಮುಂದೆ ಬಂದಾಗ ನಿಂತುಬಿಟ್ಟ. ಹನ್ನೊಂದು ಸಲ ತಟ್ಟಿದ. ಆ ಕಿವಿ ಕೊಟ್ಟ, ಈ ಕಿವಿ ಕೊಟ್ಟ. ಕೊನೆಗೆ ಗೋಡೆ ನೋಡುತ್ತ, ಸದ್ದು ಮಂಕು ಎಂದ. ಓರ್ನೆಲ್ಲಾ ಅವನ ಬೆನ್ನ ಹಿಂದೆಯೇ ನಿಂತು, ಅಜ್ಜ, ಒಳಗೆ ಬಿರುಕು ಬಿಟ್ಟಿದೆಯಾ, ಉಬ್ಬಿದೆಯಾ ಎಂದು ಕೇಳಿದಳು.

“ಹೌದಮ್ಮ,” ಎಂದ ಅಜ್ಜ ತಿರುಗದೆಯೇ. “ಈ ವರ್ಷ ಚಳಿ ಬೇಗ ಬಂತು.”

ಅವಳಿಗೆ ಆ ಕ್ಷಣಕ್ಕೆ ಎಲ್ಲ ತಿಳಿದುಹೋಯಿತು. ಅವಳಪ್ಪ ಭತ್ತದ ಗದ್ದೆಗೆ ನೀರೆತ್ತುವ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ಕಿವಿ ಕಳೆದುಕೊಂಡವನು. ಅವನೂ ಹೀಗೆಯೇ, ಕೇಳದ ಪ್ರಶ್ನೆಗೆ ಸಮಾಧಾನವಾಗಿ ಉತ್ತರ ಕೊಡುತ್ತಿದ್ದ. ಹಳಬರ ಚೀಸಿಗೆ ಸಿಲ್ವೆಸ್ತ್ರೊಗೆ ಕಿವಿ ಬೇಕಿರಲಿಲ್ಲ. ಅವರ ಕೈಗುಣ ಅವನಿಗೆ ಅವರ ಅಪ್ಪಂದಿರ ಕಾಲದಿಂದ ಗೊತ್ತು. ಸುತ್ತಿಗೆ ಬರೀ ಶಾಸ್ತ್ರಕ್ಕೆ. ಅವನು ನಿಜವಾಗಿ ಕೇಳಿಸಿಕೊಳ್ಳಬೇಕಾಗಿ ಬಂದದ್ದು ಹೊಸಬಳಾದ ಇವಳ ಅಚ್ಚು ಒಂದನ್ನೇ. ಕಿವಿಗೊಟ್ಟ, ಏನೂ ಕೇಳಿಸಲಿಲ್ಲ. ಕೇಳಿಸದ ಸದ್ದಿಗೆ ಮುದ್ರೆ ಒತ್ತಲು ಅವನ ಕೈ ಬರಲಿಲ್ಲ, ಅಷ್ಟು ಪ್ರಾಮಾಣಿಕ. ಆ ಪ್ರಾಮಾಣಿಕತೆಗೆ ಸಿಕ್ಕಿಬಿದ್ದವಳು ಮಾತ್ರ ಓರ್ನೆಲ್ಲಾ.

ಅಜ್ಜನಿಗೆ ಕಿವಿ ಕೇಳಿಸುವುದಿಲ್ಲವೆಂದು ಊರಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಚರ್ಚಿನಲ್ಲಿ ಎಲ್ಲರೂ ಆಮೆನ್ ಹೇಳಿ ಕೂತ ಮೇಲೆ ಅವನೊಬ್ಬ ಹೇಳುತ್ತಾನೆ. ಆದರೆ ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? ಅದಕ್ಕೆ ಈ ಜನ ಒಂದು ಸಿದ್ಧಾಂತವನ್ನೇ ಮಾಡಿಕೊಂಡಿದ್ದರು: ಮಾತು ಕೇಳುವ ಕಿವಿ ಬೇರೆ, ಚೀಸು ಕೇಳುವ ಕಿವಿ ಬೇರೆ. ಅಜ್ಜನ ಮಾತಿನ ಕಿವಿ ಹೋಗಿರಬಹುದು, ಚೀಸಿನ ಕಿವಿ ಸಾಯುವ ತನಕ ಹೋಗುವುದಿಲ್ಲ. ಇಂಥ ಬುದ್ಧಿವಂತಿಕೆ ಬೆಟ್ಟದ ಮೇಲೇ ಬೆಳೆಯಬೇಕು, ಬಯಲಿನಲ್ಲಿ ಬೆಳೆಯುವುದಿಲ್ಲ.

ಊಟ ಸಾಗಿತು. ವೈನಿನ ಹೂಜಿಗಳು ತುಂಬಿ ಬಂದು ಬರಿದಾಗಿ ಹೋಗುತ್ತಿದ್ದವು. ಬಿಸಿ ಪೊಲೆಂತಾದ ಮೇಲೆ ಚೀಸಿನ ಹೋಳು ಕರಗಿ ಎಳೆಯೆಳೆಯಾಗಿ ಇಳಿಯುತ್ತಿತ್ತು. ಓರ್ನೆಲ್ಲಾಳ ತಟ್ಟೆಯಲ್ಲಿ ಹಾಕಿದ್ದು ಹಾಕಿದ ಹಾಗೇ ಇತ್ತು. ಆ ಕಡೆಯಿಂದ ಎರ್ಮೆತೆ, ಬಯಲಿನ ಅಕ್ಕಿಯ ಹಾಗೆ ಚೀಸನ್ನೂ ಬಿಸಿಲಿಗೆ ಒಣಹಾಕಿದ್ದೆಯೇನಮ್ಮ ಎಂದು ಕೇಳಿ ಸುತ್ತಲಿನವರನ್ನು ನಗಿಸಿದ. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಎನ್ನುವ ಹಾಗೆ ಅವಳು ಅಷ್ಟೊಂದು ಉಪ್ಪು ತಿಕ್ಕಿದ್ದೇ ತಪ್ಪಾಯಿತೇನೋ ಎಂದು ಇನ್ಯಾರೋ ಅಂದರು. ಅವಳ ಹಸುಗಳ ಯಜಮಾನರು ಒಂಬತ್ತು ಮನೆಯವರೂ ಅವಳ ಅಚ್ಚಿನ ಕಡೆ ನೋಡುವುದು, ಆಮೇಲೆ ಅಜ್ಜನ ಕಡೆ ನೋಡುವುದು, ಆಮೇಲೆ ತಟ್ಟೆ ನೋಡುವುದು. ಅವಳ ಅತ್ತೆ ಜಿಲ್ದಾ ಮಾತ್ರ ಯಾರನ್ನೂ ನೋಡದೆ ನೆಟ್ಟಗೆ ಕೂತಿದ್ದಳು. ಸೊಸೆ ಮೇಲಿನಿಂದ ಇಳಿದು ಬಂದಾಗಿನಿಂದ ಅವಳು ಚೀಸಿನ ಬಗ್ಗೆ ಒಳ್ಳೆಯದನ್ನೂ ಆಡಿರಲಿಲ್ಲ, ಕೆಟ್ಟದ್ದನ್ನೂ ಆಡಿರಲಿಲ್ಲ.

ಬೊರ್ತೊಲೊ ಕೊಪ್ಪರಿಗೆಯನ್ನು ಓರೆ ಮಾಡಿ ತಳ ಕೆರೆಯತೊಡಗಿದ. ಆ ಕರಕರ ಸದ್ದಿಗೆ ಮೇಜಿನ ಉದ್ದಕ್ಕೂ ಮಾತು ಇಳಿಯಿತು. ದೇಲಿಯೊ ಊರುಗೋಲಿಗೆ ಕೈ ಹಾಕಿದ.

“ನಾನು ಎದ್ದು ಹೇಳಿಬಿಡ್ತೀನಿ ನೋಡು,” ಎಂದ ಹಲ್ಲು ಕಚ್ಚಿ. “ಮುದುಕನಿಗೆ ಕಿವಿ ಇಲ್ಲ. ಎಲ್ರಿಗೂ ಗೊತ್ತು. ಗೊತ್ತಿದ್ದೂ ನಿನ್ನ ಬಾಯಿಗೆ ಮಣ್ಣು ಹಾಕ್ತಾ ಇದ್ದಾರೆ.”

“ನೀನು ಕೂತ್ಕೋ.”

“ಸುಳ್ಳೇನು ಹೇಳ್ತಿಲ್ಲವಲ್ಲ.”

“ನಿಜಾನೇ. ಅದಕ್ಕೇ ಕೂತ್ಕೋ ಅಂದಿದ್ದು.”

ಅವಳಪ್ಪನಿಗೆ ಕೆಲಸ ಬಿಡಿಸಿದ್ದು ಹೀಗೆಯೇ, ಸುಗ್ಗಿಯ ಊಟದ ಮೇಜಿನಲ್ಲಿ, ನಲವತ್ತು ಜನರೆದುರು. ಕಿವುಡನ ಕೈಗೆ ಪಂಪು ಕೊಟ್ಟರೆ ಗದ್ದೆಯೆಲ್ಲ ಕೊಚ್ಚಿಹೋಗುತ್ತದೆ ಎಂದು ಮೇಸ್ತ್ರಿ ನಗುನಗುತ್ತಲೇ ಅಂದಿದ್ದ. ಅಪ್ಪನಿಗೆ ಮಾತು ಕೇಳಿಸಲಿಲ್ಲ, ನಗುವ ಮುಖಗಳು ಕಂಡವು. ಆಮೇಲೆ ಬದುಕಿರುವವರೆಗೂ ಅವನು ನಾಲ್ಕು ಜನರ ಜೊತೆ ಊಟಕ್ಕೆ ಕೂರಲಿಲ್ಲ. ತನ್ನ ಚೀಸು ಗೆಲ್ಲಲೆಂದು ಇನ್ನೊಬ್ಬ ಮುದುಕನನ್ನು ಹಾಗೆ ಮಾಡುವುದು ಓರ್ನೆಲ್ಲಾಳಿಂದ ಆಗದ ಮಾತು. ಹಾಗೆಂದು ಆ ಅಚ್ಚನ್ನು ಹೊತ್ತು ಮನೆಗೆ ನಡೆಯುವುದೂ ಆಗದ ಮಾತು. ಅವಳಿಗೆ ಸಿಟ್ಟು ಬಂದಿತ್ತು. ತೊಂಬತ್ತೆಂಟು ದಿನದ ಸಿಟ್ಟು.

ಅಪ್ಪನ ನೆನಪಿನ ಜೊತೆಗೆ ಅವನ ಕಬ್ಬಿಣದ ಸರಳೂ ನೆನಪಾದದ್ದು ಆಗಲೇ. ಕಿವಿ ಪೂರಾ ಹೋದ ಮೇಲೂ ಪಂಪಿನೊಳಗೆ ಏನು ಕೆಟ್ಟಿದೆಯೆಂದು ಮೊದಲು ಹೇಳುತ್ತಿದ್ದವನು ಅವನೇ. ಸರಳಿನ ಒಂದು ತುದಿಯನ್ನು ಓಡುವ ಪಂಪಿಗೆ ಒತ್ತಿ, ಇನ್ನೊಂದು ತುದಿಯನ್ನು ದವಡೆಗೆ ಆನಿಸಿಕೊಂಡು ಕಣ್ಣು ಮುಚ್ಚುತ್ತಿದ್ದ. ಕಿವಿಯಿಂದ ಬರದ ಸದ್ದು ಮೂಳೆಯಿಂದ ಬರುತ್ತೆ ಮಗಳೇ ಎನ್ನುತ್ತಿದ್ದ.

ಓರ್ನೆಲ್ಲಾ ಎದ್ದು ತನ್ನ ಅಚ್ಚನ್ನು ಎರಡೂ ತೋಳಲ್ಲಿ ಎತ್ತಿಕೊಂಡಳು.

ಹಕ್ಕಳೆ ಹಂಚುವುದು ಇನ್ನೂ ಬಾಕಿಯಿತ್ತು. ಹೆಂಗಸಿಗೆ ತಡೆಯಲಾಗದೆ ಮೊದಲೇ ಹೊರಟಳೆಂದು ಎಲ್ಲರೂ ಅಂದುಕೊಂಡರು. ಎರ್ಮೆತೆ ಮರ್ಯಾದೆಗೆಂಬಂತೆ ಟೋಪಿ ತೆಗೆದ. ಅವಳ ಮನೆಯ ದಾರಿ ಎಡಕ್ಕೆ. ಅವಳು ಬಲಕ್ಕೆ ತಿರುಗಿ, ಕೂತವರ ಬೆನ್ನ ಹಿಂದೆ ಮೇಜಿನ ಉದ್ದಕ್ಕೂ ನಡೆದು, ತಲೆಯ ಕಡೆ ಕೂತಿದ್ದ ಸಿಲ್ವೆಸ್ತ್ರೊ ಅಜ್ಜನ ತಟ್ಟೆ ಸರಿಸಿ, ಅಚ್ಚನ್ನು ಅವನ ಮುಂದೆ ಇಟ್ಟಳು. ಅಜ್ಜ ಅಚ್ಚನ್ನು ನೋಡಿದ, ಅವಳನ್ನು ನೋಡಿದ. ಅವನ ಮುಖದಲ್ಲಿ ಭಯವಿತ್ತು. ತನ್ನ ಕಿವಿಯ ವಿಷಯ ಅವಳು ಎಲ್ಲರೆದುರು ಹೇಳಿಬಿಡುತ್ತಾಳೆ ಎಂದು ಅವನು ಅಂದುಕೊಂಡ.

ಅವಳು ಅವನ ಮುಖಕ್ಕೆ ಎದುರಾಗಿ ಬಗ್ಗಿ, ತುಟಿ ಕಾಣುವ ಹಾಗೆ ನಿಧಾನವಾಗಿ ಮಾತಾಡಿದಳು.

“ಅಜ್ಜ, ಅವತ್ತು ನೆಲಮಾಳಿಗೆಲಿ ನೀರಿನ ಸದ್ದು ಜಾಸ್ತಿ ಇತ್ತು. ಇವತ್ತು ಇಲ್ಲಿ ಜನರ ಗದ್ದಲ. ಹೀಗೆ ಕೇಳೋದಕ್ಕೆ ಯಾರಿಂದಲೂ ಆಗಲ್ಲ. ನಮ್ಮ ಕಡೆ ಒಂದು ರೂಢಿ ಇದೆ. ಕೆನ್ನೆ ಮೂಳೆ ಇದರ ಮೇಲೆ ಇಟ್ಟು ಒರಗಿ. ಸುತ್ತಿಗೆ ನಾನು ಹಿಡೀತೀನಿ.”

“ನಾನು ಒಂದ್ಸಲ ಹೇಳಿ ಆಗಿದೆ,” ಎಂದ ಅಜ್ಜ.

“ಹೇಳಿದ್ದೀರಿ. ಇನ್ನೊಂದ್ಸಲ ಕೇಳಿ. ಮಂಕು ಅಂದ್ರೆ ನಾನೇ ಹೊತ್ಕೊಂಡು ಹೋಗ್ತೀನಿ, ಒಂದು ಮಾತೂ ಆಡಲ್ಲ.”

ಅಜ್ಜ ಕೋಟಿನ ಜೇಬಿನಿಂದ ಸುತ್ತಿಗೆ ತೆಗೆದು ಅವಳ ಕೈಗೆ ಕೊಟ್ಟ. ನಲವತ್ತೊಂದು ವರ್ಷದಲ್ಲಿ ಅದು ಬೇರೆಯವರ ಕೈಗೆ ಹೋದದ್ದು ಅದೇ ಮೊದಲು. ಟೋಪಿ ತೆಗೆದಿಟ್ಟು, ದಿಂಬಿಗೆ ಒರಗುವವನ ಹಾಗೆ ಕೆನ್ನೆಯನ್ನು ಚೀಸಿನ ಮೇಲೆ ಇಟ್ಟು ಕಣ್ಣು ಮುಚ್ಚಿದ. ಯಾರೋ ಕಿಸಕ್ಕೆಂದರು, ಜಿಲ್ದಾ ಆ ಕಡೆ ತಿರುಗಿ ನೋಡಿದಳು, ನಗು ಅಲ್ಲಿಗೇ ನಿಂತಿತು.

ಓರ್ನೆಲ್ಲಾ ತಟ್ಟಿದಳು.

ಅಜ್ಜನ ಕಣ್ಣು ಥಟ್ಟನೆ ತೆರೆಯಿತು. ಅವನು ಏಳಲಿಲ್ಲ. ಬೆರಳೆತ್ತಿ, ಇನ್ನೊಂದು ಎಂದು ಸನ್ನೆ ಮಾಡಿದ. ಅವಳು ಅಂಚಿನಲ್ಲಿ ತಟ್ಟಿದಳು. ನಡುವೆ ತಟ್ಟಿದಳು. ಸುತ್ತ ಬಳಸಿ ತಟ್ಟುತ್ತ ಹೋದಳು. ಅವನು ಕೆನ್ನೆ ಎತ್ತದೆ ಹಾಗೇ ಒರಗಿಕೊಂಡಿದ್ದ. ಬಿಳಿ ಮೀಸೆಯ ಅಡಿಯಲ್ಲಿ ಅವನ ಬಾಯಿ ಮೆಲ್ಲಗೆ ಅಗಲವಾಯಿತು. ಎಷ್ಟು ವರ್ಷವಾಗಿತ್ತೋ ಅವನು ಒಂದು ಚೀಸಿನ ಸದ್ದು ಕೇಳಿ. ಮುಖ ಎತ್ತಿದಾಗ ಕೆನ್ನೆಯ ಮೇಲೆ ಹೊರಸಿಪ್ಪೆಯ ಪುಡಿ ಮೆತ್ತಿತ್ತು, ಕಣ್ಣು ಒದ್ದೆಯಾಗಿತ್ತು. ಕೆಲವರು ಅದು ಚೀಸಿನ ಘಾಟಿಗೆ ಎಂದರು. ಅಂಥವರು ಎಲ್ಲ ಊರಲ್ಲೂ ಇರುತ್ತಾರೆ.

ಸಿಲ್ವೆಸ್ತ್ರೊ ಎದ್ದು ನಿಂತ. ಕಿವಿ ಕೇಳದವರ ದನಿ ಸ್ವಲ್ಪ ದೊಡ್ಡದೇ. ಅವನು ಹೇಳಿದ್ದು ಚರ್ಚಿನ ಗೋಡೆಗೆ ತಾಗಿ ಎಲ್ಲರಿಗೂ ಕೇಳಿಸಿತು.

“ನಾನು ತಪ್ಪಿದೆ. ಇದು ಗಟ್ಟಿ ಮಾಲು. ಚಾಕು ತನ್ನಿ.”

ಅಜ್ಜ ತನ್ನ ಬಾಯಿಂದ ‘ತಪ್ಪಿದೆ’ ಎಂಬ ಮಾತು ಆಡಿದ್ದನ್ನು ಸಲ್ವರೆಟ್ಸಾದಲ್ಲಿ ಯಾರೂ ಕೇಳಿದವರಿರಲಿಲ್ಲ, ಅವನ ಹೆಂಡತಿಯೂ ಕೇಳಿರಲಿಲ್ಲ. ಚಾಕು ಕೈಯಿಂದ ಕೈಗೆ ದಾಟಿ ಬಂತು. ಅವನು ತಾನೇ ಹಾಕಿ, ಭುಜದ ಭಾರ ಬಿಟ್ಟು ಒತ್ತಿ, ಅಚ್ಚನ್ನು ಎರಡು ಭಾಗ ಮಾಡಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಒಳಗೆ ಹೊನ್ನಿನ ಬಣ್ಣ. ಬಿರುಕಿಲ್ಲ, ಉಬ್ಬಿಲ್ಲ, ಅಲ್ಲೊಂದು ಇಲ್ಲೊಂದು ಬಟಾಣಿ ಕಾಳಿನಷ್ಟು ಕಣ್ಣು. ಒಣಹುಲ್ಲಿನ, ಬೆಣ್ಣೆಯ, ಮೇಲಿನ ಬೆಟ್ಟದ ಹೂವಿನ ವಾಸನೆ ಗಾಳಿಗೆ ಬಿತ್ತು. ಅಜ್ಜ ಒಂದು ಹೋಳು ಬಾಯಿಗೆ ಹಾಕಿಕೊಂಡ, ಅಗಿದ, ನುಂಗಿದ, ಇನ್ನೊಂದು ಹೋಳು ಕೊಯ್ದುಕೊಂಡ. ಆ ಎರಡನೆಯ ಹೋಳು ನೋಡಿದ್ದೇ ತಡ, ಜನ ಎದ್ದರು.

ಮೊದಲು ಬಂದವನು ಬೊರ್ತೊಲೊ, ಹಕ್ಕಳೆಯ ತಟ್ಟೆ ಕೈಯಲ್ಲೇ ಹಿಡಿದು. ಅವನ ಹಿಂದೆ ಒಂಬತ್ತು ಮನೆಯ ಉಳಿದವರು, ಈಗ ಯಾರಿಗೂ ನಾಚಿಕೆಯಿಲ್ಲ. ಬೆಂಚುಗಳು ಮಗುಚಿದವು. ತಟ್ಟೆ ಮುಂದೆ ಚಾಚಿದವರು, ತಟ್ಟೆಗೆ ಪುರುಸೊತ್ತಿಲ್ಲದೆ ಅಂಗೈ ಚಾಚಿದವರು. ಬಿಸಿ ಹಕ್ಕಳೆಯ ಮೇಲೆ ಅದನ್ನು ಇಟ್ಟು ತಿಂದವರು ಕಣ್ಣು ಮುಚ್ಚಿದರು. ಬೊರ್ತೊಲೊ ಬಾಯಿ ತುಂಬಿಕೊಂಡೇ, ತನ್ನ ಎರಡು ಹಸುವಿನ ಜೊತೆಗೆ ಈ ಚಳಿಗಾಲ ಹುಟ್ಟುವ ಕರುವನ್ನೂ ಸೇರಿಸಿಕೊಳ್ಳಬೇಕೆಂದು ಓರ್ನೆಲ್ಲಾಳಿಗೆ ಹೇಳಿದ. ಅವನ ಹಿಂದಿನವನು ತನ್ನ ನಾಲ್ಕನ್ನು ಹೇಳಿದ. ಅದಕ್ಕೂ ಹಿಂದಿನವಳು ಈವರೆಗೆ ಎರ್ಮೆತೆಯ ಹುಲ್ಲುಗಾವಲಿಗೆ ಹಸು ಬಿಡುತ್ತಿದ್ದವಳು. ಅವಳು ಏನು ಹೇಳಿದಳೆಂದು ಎರ್ಮೆತೆಗೆ ಕೇಳಿಸಲಿಲ್ಲ, ಆದರೆ ಅವಳು ಐದು ಬೆರಳು ಎತ್ತಿ ತೋರಿಸಿದ್ದು ಕಂಡಿತು.

ಅಷ್ಟರಲ್ಲಿ ಅಜ್ಜನಿಗೆ ಹೊಸ ಹುರುಪು ಹತ್ತಿತ್ತು. ಸುತ್ತಿಗೆ ಹಿಡಿದ ಓರ್ನೆಲ್ಲಾಳ ಕೈ ಎಳೆದುಕೊಂಡು, ಇನ್ನೂ ಕೊಯ್ಯದೆ ಉಳಿದಿದ್ದ ಒಂದೊಂದು ಅಚ್ಚಿನ ಮೇಲೂ ಕೆನ್ನೆ ಇಟ್ಟು ಒರಗುತ್ತ, ತಟ್ಟು ತಟ್ಟು ಎನ್ನುತ್ತ ಹೊರಟ. ಎರ್ಮೆತೆಯ ಎರಡನೆಯ ಅಚ್ಚಿನ ಮೇಲೆ ಒರಗಿದವನು ಮುಖ ಸಿಂಡರಿಸಿದ. ಇನ್ನೊಮ್ಮೆ ತಟ್ಟಿಸಿದ.

“ಎರ್ಮೆತೆ, ಇದು ಪೊಳ್ಳು ಕಣಯ್ಯ.”

“ನೀವೇ ಮುದ್ರೆ ಒತ್ತಿದ್ದೀರಲ್ಲ,” ಎಂದ ಎರ್ಮೆತೆ, ಮುಖ ಕೆಂಪು ಮಾಡಿಕೊಂಡು.

“ಒತ್ತಿದ್ದೆ. ಅದೂ ನನ್ನ ತಪ್ಪೇ. ಇವತ್ತು ಎರಡಾಯ್ತು,” ಎಂದ ಅಜ್ಜ ಖುಷಿಯಿಂದ, ಮತ್ತು ಚಾಕು ಹಾಕಿದ. ಒಳಗೆ ಮುಷ್ಟಿ ಹಿಡಿಯುವಷ್ಟು ತೂತು. ಮೇಜಿಗೆ ಮೇಜೇ ಹೊಟ್ಟೆ ಹಿಡಿದು ನಕ್ಕಿತು. ಸ್ವಲ್ಪ ಹೊತ್ತಿಗೆ ಎರ್ಮೆತೆಯೂ ನಕ್ಕ. ನಗದೆ ಬೇರೆ ದಾರಿಯಿರಲಿಲ್ಲ. ಮುಂದಿನ ವರ್ಷದಿಂದ ತಟ್ಟುವವಳು ಇವಳು, ಒರಗುವವನು ನಾನು, ಒಪ್ಪದವರು ಈಗಲೇ ಹೇಳಿ ಎಂದು ಅಜ್ಜ ಕೂಗಿದ. ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲ.

ಓರ್ನೆಲ್ಲಾ ತನ್ನ ಜಾಗಕ್ಕೆ ಮರಳಿದಳು. ದೇಲಿಯೊ ಊರುಗೋಲು ಬಿಟ್ಟು ಒಂಟಿ ಕಾಲಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಿದ್ದ, ಯಾರು ಹೇಳಿದರೂ ಕೂರಲೊಲ್ಲ. ಅಚ್ಚು ಕೊಯ್ದ ಹಲಗೆಯನ್ನು ಯಾರೋ ಸುತ್ತಿ ಬಳಸಿ ಅವಳ ಮುಂದೆ ತಂದಿಟ್ಟಿದ್ದರು. ಎಂಟು ಕೆಜಿಯಲ್ಲಿ ಉಳಿದದ್ದು ಸಿಪ್ಪೆಯ ನಾಲ್ಕು ತುಂಡು, ಒಂದಿಷ್ಟು ಪುಡಿ. ಅಚ್ಚು ಮುರಿಯುವವರೆಗೆ ಮಾಡಿದವರು ರುಚಿ ನೋಡುವಂತಿರಲಿಲ್ಲ. ಮುರಿದ ಮೇಲೆ ಅವಳಿಗೆ ಯಾರೂ ಉಳಿಸಲಿಲ್ಲ. ತನ್ನ ಕೈಯ ಮೊದಲ ಚೀಸು ಹೇಗಿತ್ತೆಂದು ಅವಳು ಪಕ್ಕದವರನ್ನು ಕೇಳಬೇಕಾಯಿತು. ಪಕ್ಕದಲ್ಲಿದ್ದವಳು ಅತ್ತೆ.

ಜಿಲ್ದಾ ಬೆರಳು ಒದ್ದೆ ಮಾಡಿಕೊಂಡು ಹಲಗೆಯ ಮೇಲಿನ ಪುಡಿಯನ್ನು ಒತ್ತಿ ತೆಗೆದು ನಾಲಿಗೆಗೆ ಹಚ್ಚಿಕೊಂಡಳು. ಮತ್ತೊಮ್ಮೆ ಒತ್ತಿದಳು. ಹಲಗೆ ನುಣ್ಣಗಾಗುವವರೆಗೂ ಬಿಡಲಿಲ್ಲ.

“ಉಪ್ಪು ಸ್ವಲ್ಪ ಕಮ್ಮಿ,” ಎಂದಳು. “ಮುಂದಿನ ವರ್ಷ ಒಂದು ಹಿಡಿ ಜಾಸ್ತಿ ತಿಕ್ಕು.”